ಧೂಪದ ಗಿಡಗಳು: ಹಿತ್ತಲಲ್ಲಿ ಬೆಳೆಯೋಣ, ಗುಡ್ಡವನ್ನು ಅಗೆಯದಿರೋಣ

ಬೆಳಗ್ಗೆ ದೀಪ ಹಚ್ಚಿ ಒಂದು ಊದಿನಕಡ್ಡಿ ಬೆಳಗದ ಮನೆ ನಮ್ಮ ಸೀಮೆಯಲ್ಲಿ ಸಿಕ್ಕುವುದು ಅಪರೂಪ. ಬೆಳುಗುಪ್ಪ, ಕಲ್ಯಾಣದುರ್ಗ, ಅತ್ತ ರಾಯದುರ್ಗ, ಇತ್ತ ಮಡಕಶಿರಾ, ಹಿಂದೂಪುರ, ಎಲ್ಲಿಯೇ ಆಗಲಿ, ಮನೆಯ ಮಾತು ಕನ್ನಡವಾಗಲಿ ತೆಲುಗಾಗಲಿ, ದೇವರ ಮುಂದಿನ ಹೊಗೆಗೆ ಭಾಷೆಯ ಭೇದವಿಲ್ಲ. ವೀರಭದ್ರನ ಒಕ್ಕಲಿನವರು ಮದುವೆಗೆ ಮುಂಚೆ ಗುಗ್ಗಳ ಹೊರುತ್ತಾರೆ. ಶುಕ್ರವಾರ ಸಂಜೆ ಕೆಂಡದ ಮೇಲೆ ಸಾಂಬ್ರಾಣಿ ಬೀಳುತ್ತದೆ. ಎರೆದುಕೊಂಡ ಬಾಣಂತಿಯ ತಲೆಗೂದಲಿಗೆ ಸಾಂಬ್ರಾಣಿ ಹೊಗೆ, ಸೊಳ್ಳೆ ಕಾಟಕ್ಕೆ ದನದ ಕೊಟ್ಟಿಗೆಯಲ್ಲಿ ಬೇವಿನ ಹೊಗೆ. ಹೀಗೆ ಹುಟ್ಟಿನಿಂದ ಕೊನೆಯವರೆಗೆ ಹೊಗೆ ನಮ್ಮ ಜೊತೆಗಿದೆ.

ಆದರೆ ಈ ಹೊಗೆಗೆ ಬೇಕಾದ ಪದಾರ್ಥದಲ್ಲಿ ಒಂದು ಚಿಟಿಕೆಯನ್ನಾದರೂ ತಮ್ಮ ಹೊಲದಿಂದಲೋ ಹಿತ್ತಲಿಂದಲೋ ತಂದವರು ಎಷ್ಟು ಮಂದಿ? ಎಲ್ಲವೂ ಅಂಗಡಿಯಿಂದ ಬಂದದ್ದೇ. "ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆ ಮದ್ದಿಗೆ ಮಾತ್ರವಲ್ಲ, ಧೂಪಕ್ಕೂ ಸಲ್ಲುತ್ತದೆ.

ಈ ಪುಟದಲ್ಲಿ ನಾವು ಹೇಳಹೊರಟಿರುವುದು ಇಷ್ಟೆ: ಧೂಪಕ್ಕೆ ಬೇಕಾದ ಗಿಡಗಳಲ್ಲಿ ಕೆಲವು ನಮ್ಮ ಒಣಸೀಮೆಯಲ್ಲೂ ಸ್ವಲ್ಪ ನೀರಿನಲ್ಲಿ ಬರುತ್ತವೆ, ಅವನ್ನು ಬೆಳೆದು ಕೈಯಿಂದಲೇ ಧೂಪ ಮಾಡಬಹುದು. ಆದರೆ ಬೆಳೆಯದೆ, ಗುಡ್ಡಕ್ಕೆ ಹೋಗಿ ಅಗೆದು ತರುವ ಸುಲಭದ ದಾರಿ ಹಿಡಿದರೆ, ನಾಲ್ಕು ದಿನದ ಲಾಭಕ್ಕೆ ನಮ್ಮ ಗುಡ್ಡಗಳೇ ಬೋಳಾಗುತ್ತವೆ.

ಅಗರು ಇಲ್ಲದ ಅಗರಬತ್ತಿ

ಮೊದಲು ಅಂಗಡಿಯ ಕಡ್ಡಿಯಲ್ಲಿ ಏನಿದೆ ಎಂಬುದನ್ನು ತಿಳಿಯೋಣ. ಅಗರು ಎಂಬುದು ಅಸ್ಸಾಮಿನ ಕಡೆಯ ಒಂದು ಮರ. ಅದಕ್ಕೆ ಒಂದು ಬಗೆಯ ಬೂಷ್ಟು ಹತ್ತಿದಾಗ ತಿರುಳು ಕಪ್ಪಾಗಿ, ರಾಳ ತುಂಬಿಕೊಂಡು ಪರಿಮಳ ಬರುತ್ತದೆ. ಅರಬರು ಅದನ್ನು "ಊದ್" ಎನ್ನುತ್ತಾರೆ. ನಮ್ಮ ಊದುಬತ್ತಿ, ಊದಿನಕಡ್ಡಿ ಎಂಬ ಮಾತುಗಳು ಅಲ್ಲಿಂದ ಬಂದುವು. ಆ ಮರ ಈಗ ಬಲು ದುಬಾರಿ. ಆದುದರಿಂದ ಇಂದಿನ ಸಾಮಾನ್ಯ ಅಗರಬತ್ತಿಯಲ್ಲಿ ಅಗರು ಹೆಸರಿಗೆ ಮಾತ್ರ.

ಕಡ್ಡಿಯಲ್ಲಿ ಎರಡು ಬಗೆ. ಒಂದು ಮಸಾಲೆ ಬತ್ತಿ: ಬೇರು, ಚಕ್ಕೆ, ರಾಳ, ಎಲೆಗಳನ್ನು ಪುಡಿಮಾಡಿ ಅಂಟಿನೊಡನೆ ಕಲಸಿ ಬಿದಿರು ಕಡ್ಡಿಗೆ ಹೊಸೆದದ್ದು. ಇನ್ನೊಂದು ಕರಿ ಕಡ್ಡಿ: ಇದ್ದಿಲು, ಮರದ ಹೊಟ್ಟು, ಜಿಗಟು ಇಷ್ಟೇ ಸೇರಿಸಿ ಹೊಸೆದು ಒಣಗಿಸಿ, ಆಮೇಲೆ ಕಾರ್ಖಾನೆಯ ಸುಗಂಧದಲ್ಲಿ ಅದ್ದಿದ್ದು. ಆ ಸುಗಂಧವನ್ನು ತೆಳ್ಳಗೆ ಮಾಡಲು ಡಿ.ಇ.ಪಿ. ಎಂಬ ರಾಸಾಯನಿಕ ದ್ರಾವಣವನ್ನು ಬೆರೆಸುವುದು ವಾಡಿಕೆ. ಪೊಟ್ಟಣದ ಮೇಲೆ ಮಲ್ಲಿಗೆ, ಗುಲಾಬಿ, ಕೇದಗೆಯ ಚಿತ್ರವಿದ್ದರೂ ಒಳಗೆ ಒಂದು ಎಸಳೂ ಇಲ್ಲದಿರಬಹುದು.

ಈ ಕಸುಬು ದೊಡ್ಡದಾದದ್ದು ನಮ್ಮ ನೆರೆಯ ಮೈಸೂರು ಸೀಮೆಯಲ್ಲಿ. ೨೦ನೆಯ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರಿನ ಅತ್ತರ್ ಖಾಸಿಂ ಸಾಹೇಬರು, ತೀರ್ಥಹಳ್ಳಿಯ ಟಿ. ಎಲ್. ಉಪಾಧ್ಯಾಯರು ಇದಕ್ಕೆ ವ್ಯಾಪಾರದ ರೂಪ ಕೊಟ್ಟವರೆಂದು ಹೆಸರಾದವರು. ೨೦೦೫ರಲ್ಲಿ "ಮೈಸೂರು ಅಗರಬತ್ತಿ"ಗೆ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆಯಿತು. ಮನೆಮನೆಯಲ್ಲಿ ಹೆಂಗಸರು ಮಣೆಯ ಮುಂದೆ ಕುಳಿತು, ಸಾವಿರ ಕಡ್ಡಿಗೆ ಇಷ್ಟು ಎಂಬ ಕೂಲಿಗೆ ಹೊಸೆದು ಬೆಳೆಸಿದ ಉದ್ಯಮವಿದು.

ಮುಂದೆ ಯಂತ್ರ ಬಂತು. ವಿಯೆಟ್ನಾಂ, ಚೀನಾಗಳಿಂದ ಕರಿ ಕಡ್ಡಿಯೂ ಬಿದಿರು ಕಡ್ಡಿಯೂ ಹಡಗಿನಲ್ಲಿ ಬಂದುವು. ೨೦೧೯ರ ಆಗಸ್ಟಿನಲ್ಲಿ ಭಾರತ ಸರ್ಕಾರ ಅಗರಬತ್ತಿ ಆಮದಿಗೆ ನಿರ್ಬಂಧ ಹಾಕಿತು. ೨೦೨೦ರ ಜೂನಿನಲ್ಲಿ ಬಿದಿರು ಕಡ್ಡಿಯ ಆಮದು ಸುಂಕವನ್ನು ನೂರಕ್ಕೆ ೧೦ರಿಂದ ೨೫ಕ್ಕೆ ಏರಿಸಿತು. ಇದರಿಂದ ದೇಶದ ಉದ್ಯಮಕ್ಕೆ ಉಸಿರು ಬಂದದ್ದು ನಿಜ. ಆದರೂ ಯಂತ್ರದ ಮುಂದೆ ಕೈ ಸೋಲುತ್ತದೆ. ಕರಿ ಕಡ್ಡಿಯಲ್ಲಿ ನಮ್ಮ ಹಳ್ಳಿಯ ಕೈ ಪೈಪೋಟಿ ಮಾಡಲಾರದು. ಕೈಗೆ ಉಳಿದಿರುವ ಜಾಗ ಮಸಾಲೆ ಬತ್ತಿ ಮತ್ತು ಕಡ್ಡಿಯಿಲ್ಲದ ಧೂಪ. ಇವೆರಡರಲ್ಲೂ ಬೆಲೆ ಬರುವುದು ಒಳಗಿನ ಗಿಡಮೂಲಿಕೆಯಿಂದ. ಗಿಡ ಬೆಳೆಯುವವನು ರೈತ. ಆದುದರಿಂದಲೇ ಈ ವಿಷಯ ಕೃಷಿಯ ಪುಟಕ್ಕೆ ಸೇರಿದ್ದು.

ನಮ್ಮ ನೆಲದಲ್ಲಿ ಬರುವುವು

ಅನಂತಪುರ ಸೀಮೆಗೆ ವರ್ಷಕ್ಕೆ ಸುಮಾರು ೨೨ ಅಂಗುಲ, ಅಂದರೆ ೫೫೦ ಮಿಲಿಮೀಟರ್ ಮಳೆ. ಅದರಲ್ಲೂ ದೊಡ್ಡ ಪಾಲು ಪುಬ್ಬ, ಉತ್ತರೆ, ಹಸ್ತದ ಕಾಲಕ್ಕೆ ಬೀಳುವಂಥದು. ಕಡಲೆಕಾಯಿಯನ್ನೇ ನಂಬಿ ಕೈಸುಟ್ಟುಕೊಂಡ ವರ್ಷಗಳನ್ನು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಇಂಥ ಕಡೆ ಧೂಪದ ಗಿಡಗಳನ್ನು ಎಕರೆಗಟ್ಟಲೆ ಹಾಕಿರೆಂದು ನಾವು ಹೇಳುವುದಿಲ್ಲ. ಬಚ್ಚಲ ನೀರು ಹರಿಯುವ ಜಾಗ, ಬಾವಿಯ ಪಕ್ಕ, ಹಿತ್ತಲ ಒಂದೆರಡು ಮಡಿ ಸಾಕು.

ತುಂಗೆ ಗಡ್ಡೆ. ಇದನ್ನು ಬೆಳೆಯಬೇಕಾಗಿಯೇ ಇಲ್ಲ. ನೀರಾವರಿ ಹೊಲದಲ್ಲಿ ಕಳೆಯಾಗಿ ಕಾಡುವ ಹುಲ್ಲೇ ಇದು. ಕೆಲವರು ಕೊನ್ನಾರಿ ಎನ್ನುತ್ತಾರೆ. ಗ್ರಂದಿಗೆ ಅಂಗಡಿಯಲ್ಲಿ ಭದ್ರಮುಷ್ಟಿ. ಉಳುವಾಗ ಮೇಲೆ ಬಂದ ಗಡ್ಡೆಗಳನ್ನು ಬದುವಿಗೆ ಎಸೆಯುವ ಬದಲು ಪುಟ್ಟಿಗೆ ತುಂಬಿರಿ. ತೊಳೆದು ಒಣಗಿಸಿ, ಮೇಲಿನ ನಾರನ್ನು ಬೆಂಕಿಯ ಝಳದಲ್ಲಿ ಸುಟ್ಟು ಉಜ್ಜಿ ಕುಟ್ಟಿದರೆ ಒಳ್ಳೆಯ ಕಂಪಿನ ಪುಡಿ ಸಿಗುತ್ತದೆ. ಕಳೆ ತೆಗೆದ ಕೂಲಿಯಲ್ಲಿ ಒಂದಂಶವಾದರೂ ಹೀಗೆ ಹಿಂದಿರುಗುತ್ತದೆ.

ಲಾವಂಚ. ತೆಲುಗಿನಲ್ಲಿ ವಟ್ಟಿವೇರು. ಧೂಪದ ಬೇರುಗಳಲ್ಲಿ ಇದಕ್ಕೆ ಮೊದಲ ಮಣೆ. ದಕ್ಷಿಣದ ತಳಿ ಬೀಜ ಕಟ್ಟಿ ಹರಡುವುದಿಲ್ಲ. ಆದುದರಿಂದ ಕಳೆಯಾಗುವ ಭಯವಿಲ್ಲ. ಬುಡವನ್ನು ಸೀಳಿದ ಸಸಿಗಳನ್ನು ಆರಿದ್ರ ಮಳೆಗೆ, ಇಲ್ಲವೆ ನೀರಿದ್ದಾಗ, ಒಂದೂವರೆ ಅಡಿ ಸಾಲಿನಲ್ಲಿ ಅಡಿಗೊಂದರಂತೆ ನೆಡಬೇಕು. ೧೫ರಿಂದ ೧೮ ತಿಂಗಳಿಗೆ ಬೇರು ಅಗೆಯಲು ಬರುತ್ತದೆ. ಬೇರು ತೆಗೆದ ಮೇಲೆ ಬುಡವನ್ನು ಪುನಃ ಸೀಳಿ ನೆಟ್ಟರೆ ಹೊಸ ಬೆಳೆ. ಬಚ್ಚಲ ನೀರಿಗೂ ಇದು ಅಂಜುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಗುಂಡ್ಲುಪೇಟೆಯ ಕಡೆ ರೈತರು ತಲೆತಲಾಂತರದಿಂದ ಲಾವಂಚವನ್ನು ಹೊಲದ ಗಡಿಗೆ ಬೇಲಿಯಂತೆ ನೆಟ್ಟಿದ್ದಾರೆ. ೧೯೮೦ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿ ತಜ್ಞ ಜಾನ್ ಗ್ರೀನ್‌ಫೀಲ್ಡ್ ಅದನ್ನು ಕಂಡು, ಮಣ್ಣು ಕೊಚ್ಚದಂತೆ ತಡೆಯುವ ಈ ಉಪಾಯವನ್ನು ಅನೇಕ ದೇಶಗಳಿಗೆ ತಲುಪಿಸಿದರು. ನಾವೂ ಬದುವಿನ ಮೇಲೆ ಅರ್ಧ ಗೇಣಿಗೊಂದರಂತೆ ಒತ್ತಾಗಿ ನೆಡಬಹುದು. ಆದರೆ ಬದುವಿನ ಲಾವಂಚವನ್ನು ಬೇರಿಗಾಗಿ ಎಂದಿಗೂ ಅಗೆಯಬಾರದು. ಅಗೆದ ಬದು ಮೊದಲನೆಯ ಜಡಿಮಳೆಗೇ ಒಡೆದು ಹೊಲದ ಮೇಲ್ಮಣ್ಣು ಹಳ್ಳ ಸೇರುತ್ತದೆ. ಬೇರಿಗೆ ಬೇರೆ ಮಡಿ, ಬದುವಿಗೆ ಬೇರೆ ಸಾಲು. ಮಡಿಗೆ ಜಾಗವಿಲ್ಲದವರು ಮರಳು ಮಣ್ಣು ತುಂಬಿದ ಚೀಲದಲ್ಲಿ ಬೆಳೆದರೆ, ಚೀಲ ಹರಿದು ಕೊಡವಿದರೆ ಸಾಕು, ಬೇರು ತುಂಡಾಗದೆ ಬರುತ್ತದೆ.

ದವನ ಮತ್ತು ಮರುಗ. ಚೈತ್ರದ ದವನದ ಹುಣ್ಣಿಮೆಯನ್ನು ಬಲ್ಲವರಿಗೆ ದವನದ ಪರಿಚಯ ಹೇಳಬೇಕಾಗಿಲ್ಲ. ಇದನ್ನು ವ್ಯಾಪಾರಕ್ಕಾಗಿ ಬೆಳೆಯುವುದು ಮುಖ್ಯವಾಗಿ ದಕ್ಷಿಣ ಭಾರತದಲ್ಲೇ. ಇದು ಚಳಿಗಾಲದ ಬೆಳೆ. ನೀರು ಬೇಕು, ಆದರೆ ಮಳೆ ಬೀಳಕೂಡದು. ಬೀಜ ಧೂಳಿನಷ್ಟು ಸಣ್ಣದು. ಬಟ್ಟೆಯಲ್ಲಿ ಕಟ್ಟಿ ಎರಡು ದಿನ ನೆನೆಸಿ, ಮೊಳಕೆ ಕಣ್ಣು ಬಿಟ್ಟಾಗ ಮರಳಿನೊಡನೆ ಬೆರೆಸಿ ದೀಪಾವಳಿಯ ಸುಮಾರಿಗೆ ಮಡಿಯಲ್ಲಿ ಚೆಲ್ಲಬೇಕು. ಹಳೆಯ ಬೀಜ ಹುಟ್ಟುವುದಿಲ್ಲ. ಪ್ರತಿ ವರ್ಷ ಹೊಸದನ್ನೇ ತರಬೇಕು. ಆರು ವಾರದ ಸಸಿಯನ್ನು ಕಿತ್ತು ನೆಡಬಹುದು. ಬಿತ್ತಿದ ೧೧೦ರಿಂದ ೧೧೫ ದಿನಕ್ಕೆ, ಮೊಗ್ಗು ಅರಳತೊಡಗಿದಾಗ ಪರಿಮಳ ಹೆಚ್ಚು. ಆಗಲೇ ಕೊಯ್ದು ನೆರಳಲ್ಲಿ ಒಣಗಿಸಬೇಕು. ಮರುಗವನ್ನು ಕಡ್ಡಿ ನೆಟ್ಟೇ ಬೆಳೆಸಬಹುದು.

ಕಚೋರ. ಅರಿಶಿನದ ಜಾತಿಯದು. ಬಾಳೆಯ ಬುಡದ ನೆರಳಿನಲ್ಲಿ ಮುಂಗಾರಿಗೆ ಗಡ್ಡೆ ಹೂತರೆ, ಎಲೆ ಒಣಗಿದ ಮೇಲೆ ಸಂಕ್ರಾಂತಿಯ ಹೊತ್ತಿಗೆ ಅಗೆಯಬಹುದು. ಹೆಚ್ಚಾಗಿ ಹೆಚ್ಚಿ ಒಣಗಿಸಿದರೆ ಬೇಗ ಬೂಷ್ಟು ಹಿಡಿಯದು.

ಇನ್ನು ಮಲ್ಲಿಗೆ, ಕನಕಾಂಬರ, ಸೇವಂತಿಗೆ, ಚೆಂಡುಹೂವು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಹೂವಿನ ಕಂಪು ಒಣಗಿದ ಮೇಲೆ ಉಳಿಯುವುದು ಕಡಮೆ. ಮಲ್ಲಿಗೆಯದಂತೂ ಉಳಿಯುವುದೇ ಇಲ್ಲ. ಗಿಡದಲ್ಲಿ ಮೂಗಿಗೆ ಹತ್ತುವ ವಾಸನೆ ಬೇರೆ, ಸುಟ್ಟಾಗ ಬರುವ ವಾಸನೆ ಬೇರೆ. ತುಳಸಿಯನ್ನು ಹೆಚ್ಚಾಗಿ ಸೇರಿಸಿದರೆ ತರಗೆಲೆ ಸುಟ್ಟ ಕಮಟು ಬರುತ್ತದೆ. ಬೇರು, ಗಡ್ಡೆ, ರಾಳಗಳೇ ಧೂಪದ ಆಧಾರ, ಎಲೆ ಒಗ್ಗರಣೆಯಂತೆ, ಹೂವಿನ ಪುಡಿ ಮೈ ತುಂಬಿಸಲು ಮಾತ್ರ.

ಅಂಗಡಿಯಿಂದ ತರಬೇಕಾದುವು

ರಾಳಗಳು ನಮ್ಮ ಹೊಲದಲ್ಲಿ ಬರುವುವಲ್ಲ. ಸಾಂಬ್ರಾಣಿ ಅಥವಾ ಲೋಬಾನ ಸುಮಾತ್ರ ದ್ವೀಪದಿಂದ ಬರುವ ಮರದ ಹಾಲು. ಹಾಲುಮಡ್ಡಿ, ಸಾಲುಧೂಪಗಳು ಪಶ್ಚಿಮ ಘಟ್ಟದವು. ಗುಗ್ಗುಳ ರಾಜಸ್ಥಾನ, ಗುಜರಾತಿನ ಒಣಭೂಮಿಯದು.

ಗಡಿಯ ಕನ್ನಡಿಗರು ಇಲ್ಲಿ ಒಂದು ಹೆಸರಿನ ಗೊಂದಲವನ್ನು ಗಮನಿಸಬೇಕು. ನಾವು ಗುಗ್ಗುಳ ಎಂದು ಕೇಳಿದರೆ ತೆಲುಗು ಅಂಗಡಿಯಲ್ಲಿ "ಗುಗ್ಗಿಲಂ" ಕೊಡುವುದುಂಟು. ಗುಗ್ಗಿಲಂ ಎಂದರೆ ಸಾಲದ ಜಾತಿಯ ಮರದ ರಾಳ. ಒಣಗಿದ್ದು, ಗಾಜಿನಂತೆ ಒಡೆಯುತ್ತದೆ. ನಮ್ಮ ಗುಗ್ಗುಳ ಬೇರೆ. ಅಂಟು ಅಂಟಾಗಿ, ಕಂದು ಬಣ್ಣವಾಗಿ, ಮುರಿದರೆ ಕಹಿಗಂಪು. ತೆಲುಗಿನಲ್ಲಿ ಅದಕ್ಕೆ ಮಹಿಸಾಕ್ಷಿ ಎನ್ನುತ್ತಾರೆ. ಎರಡೂ ಧೂಪಕ್ಕೆ ಬರುವುವೇ; ಆದರೆ ಬೆಲೆಯೂ ಗುಣವೂ ಬೇರೆ. ಹೆಸರು ಸರಿಯಾಗಿ ಹೇಳಿ, ಮುರಿದು ನೋಡಿ ಕೊಳ್ಳಿರಿ.

ಅಂಟಿಗೆ ಜಿಗಟು ಬೇಕು. ಇದು ಗುಳಮಾವು ಮೊದಲಾದ ಮರಗಳ ತೊಗಟೆಯ ಪುಡಿ. ಇದ್ದಿಲಿಗೆ ಮಾತ್ರ ನಮಗೆ ಬರವಿಲ್ಲ: ಹೊಲ, ಕೆರೆಯಂಗಳಗಳನ್ನು ನುಂಗಿರುವ ಬಳ್ಳಾರಿ ಜಾಲಿಯೇ ಇದೆಯಲ್ಲ! ಅದನ್ನು ಕಡಿದು ಸುಟ್ಟ ಇದ್ದಿಲು ಧೂಪಕ್ಕೆ ಒಗ್ಗುತ್ತದೆ, ಹೊಲವೂ ಹಸನಾಗುತ್ತದೆ.

ಕೈಯಿಂದ ಮಾಡುವ ಕ್ರಮ

ಮೊದಲು ಧೂಪದ ಬತ್ತಿಯಿಂದ ಆರಂಭಿಸುವುದು ಮೇಲು. ಬಿದಿರು ಕಡ್ಡಿಗೆ ಸಮನಾಗಿ ಹೊಸೆಯಲು ತಿಂಗಳುಗಟ್ಟಲೆ ಅಭ್ಯಾಸ ಬೇಕು, ಧೂಪಕ್ಕೆ ಬೇಡ. ತೂಕದಲ್ಲಿ ಹತ್ತು ಪಾಲಿನ ಲೆಕ್ಕ ಹೀಗೆ:

ಹಸುವಿನ ಬೆರಣಿಯ ಪುಡಿ ೪ ಪಾಲು. ಇದ್ದಿಲ ಪುಡಿ ೧ ಪಾಲು. ಲಾವಂಚ, ತುಂಗೆ, ಕಚೋರ ಇವುಗಳ ಪುಡಿ ಎಲ್ಲ ಸೇರಿ ೨ ಪಾಲು. ದವನ, ಮರುಗದ ಎಲೆ ಪುಡಿ ೧ ಪಾಲು. ಸಾಂಬ್ರಾಣಿ ಅಥವಾ ಗುಗ್ಗುಳ ೧ ಪಾಲು. ಜಿಗಟು ೧ ಪಾಲು. ಮೇಲೆ ಒಂದು ಚಮಚ ತುಪ್ಪ.

ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸಬೇಕು. ಲಾವಂಚದ ಬೇರು ನಾರಾದುದರಿಂದ ಚಿಕ್ಕದಾಗಿ ಕತ್ತರಿಸಿ, ಚೆನ್ನಾಗಿ ಒಣಗಿಸಿ ಕುಟ್ಟತಕ್ಕದ್ದು. ರಾಳವನ್ನು ಬೆಳಗಿನ ತಂಪಿನಲ್ಲಿ ಕುಟ್ಟಿದರೆ ಒನಕೆಗೆ ಅಂಟುವುದಿಲ್ಲ. ಪುಡಿಮಾಡುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಇದ್ದಿಲ ಧೂಳು ಎದೆಗೆ ಒಳ್ಳೆಯದಲ್ಲ.

ಒಣಪುಡಿಗಳನ್ನೆಲ್ಲ ಬೆರೆಸಿದ ಮೇಲೆ ಉಗುರುಬೆಚ್ಚನೆಯ ನೀರನ್ನು ಚಿಮುಕಿಸುತ್ತ ರೊಟ್ಟಿಯ ಹಿಟ್ಟಿನ ಹದಕ್ಕೆ ನಾದಿ, ಒದ್ದೆ ಬಟ್ಟೆ ಮುಚ್ಚಿ ಒಂದೆರಡು ಗಂಟೆ ಬಿಡಬೇಕು. ಆಮೇಲೆ ಕಿರುಬೆರಳಿನ ಗಾತ್ರಕ್ಕೆ ಹೊಸೆದು, ನೆರಳಿನಲ್ಲಿ ಗಾಳಿಯಾಡುವಂತೆ ನಾಲ್ಕೈದು ದಿನ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಮೇಲ್ಮೈ ಬಿರಿದು ಒಳಗೆ ಹಸಿ ಉಳಿಯುತ್ತದೆ, ಕಂಪೂ ಹಾರುತ್ತದೆ.

ಹೆಚ್ಚು ಮಾಡುವ ಮುನ್ನ ಒಂದೆರಡು ಬತ್ತಿ ಮಾಡಿ ಉರಿಸಿ ನೋಡಿರಿ. ನಡುವೆಯೇ ಆರಿಹೋದರೆ ರಾಳ ಅಥವಾ ಅಂಟು ಹೆಚ್ಚಾಗಿದೆ, ಇಲ್ಲವೆ ಒಳಗೆ ಹಸಿಯಿದೆ. ಬೇಗ ಬೇಗ ಉರಿದು ಹೋದರೆ ಇದ್ದಿಲು ಹೆಚ್ಚು. ಮುಟ್ಟಿದರೆ ಉದುರಿದರೆ ಅಂಟು ಸಾಲದು. ಹೊಗೆ ಕಣ್ಣಿಗೆ ಹತ್ತಿದರೆ ಎಲೆ ಕಡಮೆ ಮಾಡಿರಿ. ಪ್ರತಿ ಸಲದ ಅಳತೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮೂರು ನಾಲ್ಕು ಸಲಕ್ಕೆ ನಿಮ್ಮದೇ ಹದ ಸಿದ್ಧಿಸುತ್ತದೆ. ಒಣಗಿದ ಬತ್ತಿಯನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿಟ್ಟರೆ ದಿನ ಕಳೆದಂತೆ ವಾಸನೆಗಳು ಒಂದರೊಳಗೊಂದು ಬೆರೆತು ಹದವಾಗುತ್ತವೆ.

ಇನ್ನೊಂದು ಮಾತು. ನೈಸರ್ಗಿಕವಾದರೂ ಹೊಗೆ ಹೊಗೆಯೇ. ಉಬ್ಬಸದವರು, ಎಳೆಗೂಸು ಇರುವ ಕೋಣೆಯಲ್ಲಿ ಬಾಗಿಲು ಮುಚ್ಚಿ ಧೂಪ ಹಾಕಬಾರದು.

ಗುಡ್ಡಕ್ಕೆ ಗುದ್ದಲಿ ಬೇಡ

ಧೂಪಕ್ಕೆ ಬೆಲೆ ಬಂದರೆ ಮೊದಲು ಏಟು ಬೀಳುವುದು ಕಾಡಿಗೆ. ಗುಗ್ಗುಳದ ಗಿಡಕ್ಕೆ ಆಳವಾಗಿ ಗಾಯ ಮಾಡಿ, ಮಿತಿಮೀರಿ ಅಂಟು ಇಳಿಸಿ, ಗಿಡವನ್ನೇ ಕೊಂದದ್ದರ ಫಲವಾಗಿ ಅದು ಇಂದು ತೀರ ಅಳಿವಿನ ಅಂಚಿನ ಸಸ್ಯಗಳ ಪಟ್ಟಿಯಲ್ಲಿದೆ. ಹಿಮಾಲಯದ ಜಟಾಮಾಂಸಿಗೂ ಅದೇ ಗತಿ. ಜಿಗಟಿಗಾಗಿ ಸುತ್ತಲೂ ತೊಗಟೆ ಸುಲಿದ ಗುಳಮಾವಿನ ಮರ ನಿಂತಲ್ಲೇ ಒಣಗುತ್ತದೆ.

ನಮ್ಮ ಗುಡ್ಡಗಳಲ್ಲೂ ಸೊಗದೆ ಬೇರು, ಮಾಗಳಿ ಬೇರುಗಳಿವೆ. ರಾಯಲಸೀಮೆಯ ನನ್ನಾರಿ ಷರಬತ್ತಿಗಾಗಿ ಇವುಗಳನ್ನು ಅಗೆದು ಮುಗಿಸುತ್ತ ಬಂದದ್ದಾಗಿದೆ. ಕೆಲವರು ಧೂಪಕ್ಕೂ ಸೊಗದೆ ಬೇರನ್ನು ಬಳಸುತ್ತಾರೆ. ಬೇರು ಕಿತ್ತರೆ ಗಿಡವೇ ಹೋಯಿತು, ಎಲೆ ಕೊಯ್ದಂತಲ್ಲ. ಆದುದರಿಂದ ಧೂಪಕ್ಕೆ ಗುಡ್ಡದ ಬೇರನ್ನು ಮುಟ್ಟದಿರುವುದೇ ಲೇಸು. ಬೇಕೇ ಬೇಕೆಂದರೆ ಬೇರಿನ ತುಂಡು ತಂದು ಹಿತ್ತಲಲ್ಲಿ ಹಬ್ಬಿಸಿ, ವರ್ಷಗಳ ಕಾಲ ಕಾಯುವ ತಾಳ್ಮೆ ಇರಬೇಕು.

ಶ್ರೀಗಂಧದ ಮಾತನ್ನೂ ಹಲವರು ಕೇಳುತ್ತಾರೆ. ೧೭೯೨ರಲ್ಲಿ ಟಿಪ್ಪು ಸುಲ್ತಾನ್ ರಾಜಮರವೆಂದು ಸಾರಿದ ಈ ಮರ, ಕರ್ನಾಟಕದಲ್ಲಿ ೨೦೦೧ರ ಕಾನೂನು ತಿದ್ದುಪಡಿಯ ತನಕ ಯಾರ ಹೊಲದಲ್ಲಿದ್ದರೂ ಸರ್ಕಾರದ್ದೇ ಆಗಿತ್ತು. ಇದು ಇನ್ನೊಂದು ಗಿಡದ ಬೇರಿನಿಂದ ಆಹಾರ ಹೀರುವ ಮರ. ಪಕ್ಕದಲ್ಲಿ ತೊಗರಿ, ಹೊಂಗೆಯಂಥ ಆಸರೆ ಬೇಕು. ತಿರುಳು ಬಲಿಯಲು ಹತ್ತಾರು ವರ್ಷ. ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು; ಆಂಧ್ರ, ಕರ್ನಾಟಕಗಳ ನಿಯಮಗಳು ಬೇರೆ ಬೇರೆ. ಗಡಿ ದಾಟಿಸುವ ಮುನ್ನ ಎರಡೂ ಕಡೆ ವಿಚಾರಿಸಬೇಕು. ಕಳ್ಳರ ಕಾಟ ಬೇರೆ. ಧೂಪಕ್ಕಾಗಿ ಶ್ರೀಗಂಧ ನೆಡುವುದು ಮೊಮ್ಮಕ್ಕಳ ಲೆಕ್ಕವೇ ಸರಿ.

ಲಾಭ ನಷ್ಟದ ವಿಚಾರ

ದೊಡ್ಡ ಲಾಭದ ಆಸೆ ತೋರಿಸುವುದು ಈ ಪುಟದ ಕೆಲಸವಲ್ಲ. "ಯಂತ್ರ ಕೊಳ್ಳಿ, ನೀವು ಮಾಡಿದ ಕಡ್ಡಿಯನ್ನೆಲ್ಲ ನಾವೇ ಕೊಳ್ಳುತ್ತೇವೆ" ಎಂದು ಬರುವವರ ಮಾತಿಗೆ ಸಾಲ ಮಾಡಿ ಯಂತ್ರ ತಂದು, ಆಮೇಲೆ ಕೊಳ್ಳುವವರು ಕಾಣದೆ ಕುಳಿತವರು ಅನೇಕರು. ಸಾಲದ ಯಂತ್ರ ಬೇಡ. ಒರಳು, ಒನಕೆ, ಜರಡಿ, ತಕ್ಕಡಿ ಸಾಕು.

ಮೊದಲ ವರ್ಷ ಮನೆಗೆ ಬೇಕಾದಷ್ಟು ಮಾಡಿರಿ. ಅಂಗಡಿಗೆ ಹೋಗುವ ದುಡ್ಡು ಉಳಿದರೆ ಅದೇ ಲಾಭ. ಎರಡನೆಯ ವರ್ಷ ಡ್ವಾಕ್ರಾ ಸಂಘದ ಹೆಣ್ಣುಮಕ್ಕಳು ಐದಾರು ಮಂದಿ ಕೂಡಿ, ಊರ ಗುಡಿಗೆ, ಪೆನ್ನಹೋಬಿಲಂ, ಕಸಾಪುರ, ಮುರಡಿ, ಲೇಪಾಕ್ಷಿಯ ಜಾತ್ರೆ ಪರಿಷೆಗಳಿಗೆ ಒಯ್ದು ನೋಡಬಹುದು. ಗುಡಿಯಲ್ಲಿ ಬಾಡಿದ ಚೆಂಡುಹೂವು, ಸೇವಂತಿಗೆಯನ್ನು ಕೇಳಿ ತಂದು ಒಣಗಿಸಿದರೆ ಬೆರಣಿ ಪುಡಿಯಲ್ಲಿ ಒಂದು ಪಾಲನ್ನು ಉಳಿಸಬಹುದು. ತಿರುಮಲ ತಿರುಪತಿ ದೇವಸ್ಥಾನವೇ ೨೦೨೧ರ ಸೆಪ್ಟೆಂಬರಿನಿಂದ, ಬೆಂಗಳೂರಿನ ಒಂದು ಸಂಸ್ಥೆಯ ನೆರವಿನಿಂದ, ದೇವರಿಗೆ ಏರಿಸಿದ ಹೂವುಗಳಿಂದ ಏಳು ಬಗೆಯ ಅಗರಬತ್ತಿ ಮಾಡಿಸಿ ಮಾರತೊಡಗಿತು. ದೊಡ್ಡ ಗುಡಿಗೆ ಸಾಧ್ಯವಾದದ್ದು ಸಣ್ಣ ಗುಡಿಗೂ ಅದರ ಮಟ್ಟಕ್ಕೆ ಸಾಧ್ಯ.

ಬೆಲೆ ಕಟ್ಟುವಾಗ ಕೊಂಡ ರಾಳ, ಜಿಗಟು, ಡಬ್ಬದ ಖರ್ಚಿನ ಜೊತೆಗೆ ನಿಮ್ಮ ಕೂಲಿಯನ್ನೂ ಹಿಡಿಯಿರಿ. ಹೆಂಗಸರ ಕೆಲಸಕ್ಕೆ ಕೂಲಿ ಹಿಡಿಯದೆ ಲಾಭ ಬಂತೆನ್ನುವುದು ಸುಳ್ಳು ಲೆಕ್ಕ. ಒಳಗೆ ಏನೇನು ಹಾಕಿದ್ದೀರೆಂದು ಚೀಟಿಯಲ್ಲಿ ಕನ್ನಡ, ತೆಲುಗು ಎರಡರಲ್ಲೂ ಬರೆಯಿರಿ. ಕಾರ್ಖಾನೆಯ ಕಡ್ಡಿಗೆ ಇಲ್ಲದ ಬಲ ಅದೊಂದೇ.

ಎಕರೆ ಲೆಕ್ಕದಲ್ಲಿ ಲಾವಂಚ, ಪಾಮರೋಸಾದಂಥ ಎಣ್ಣೆಹುಲ್ಲು ಬೆಳೆಯಬೇಕೆನ್ನುವವರ ದಾರಿ ಬೇರೆ. ಅದಕ್ಕೆ ಭಟ್ಟಿ ಇಳಿಸುವ ಸಾಧನವೂ ಮುಂಚೆಯೇ ಗೊತ್ತಾದ ಖರೀದಿದಾರರೂ ಬೇಕು. ಅಂಥವರು ಸುಗಂಧ ಸಸ್ಯಗಳ ಕೇಂದ್ರ ಸಂಸ್ಥೆಯಾದ ಸೀಮ್ಯಾಪಿನ ಬೆಂಗಳೂರು ಅಥವಾ ಹೈದರಾಬಾದ್ ಶಾಖೆಯನ್ನೂ, ಹತ್ತಿರದ ಕಲ್ಯಾಣದುರ್ಗದ ಕೃಷಿ ವಿಜ್ಞಾನ ಕೇಂದ್ರವನ್ನೂ ವಿಚಾರಿಸಿಯೇ ಕೈ ಹಾಕಬೇಕು.

ಉಳಿದ ನಾವೆಲ್ಲ ಈ ಸಲದ ಆರಿದ್ರ ಮಳೆಗೆ ಬಚ್ಚಲ ಕಾಲುವೆಯ ಬದಿ ಹತ್ತು ಬುಡ ಲಾವಂಚ ನೆಡೋಣ. ಕಳೆ ತೆಗೆಯುವಾಗ ತುಂಗೆ ಗಡ್ಡೆಗೆ ಒಂದು ಪುಟ್ಟಿ ಬೇರೆ ಇಡೋಣ. ದೀಪಾವಳಿಗೆ ಅಂಗೈಯಗಲ ಮಡಿಯಲ್ಲಿ ದವನ ಚೆಲ್ಲೋಣ. ಶಿವರಾತ್ರಿಯ ಹೊತ್ತಿಗೆ ದವನ ಕೊಯ್ಲಿಗೆ ಬರುತ್ತದೆ, ತುಂಗೆ ಡಬ್ಬದಲ್ಲಿರುತ್ತದೆ, ಲಾವಂಚ ಮಾತ್ರ ಮರುವರ್ಷದ ತನಕ ಕಾಯಿಸುತ್ತದೆ. ಅಲ್ಲಿಯವರೆಗೆ ಇದ್ದ ಎರಡರಲ್ಲೇ ಕೈ ಪಳಗಿಸಿಕೊಳ್ಳೋಣ.